‘ನನ್ನದಲ್ಲ’ ಎಂದರೆ ತೆರಿಗೆ ತಪ್ಪೀತೆ?

ಅಟ್ಟದ ಮೇಲೋ ಬೀರುವಿನ ಹಿಂದೋ ನೋಟಿನ ಕಂತೆ ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಎರಡು ತೀರ್ಪು ಹೊರಬೀಳುತ್ತವೆ. ಯಾರ ಮನೆಯಲ್ಲಿ ಸಿಕ್ಕಿತೋ ಹಣ ಅವರದೇ ಎಂಬುದು ಒಂದು. ‘ನನ್ನದಲ್ಲ’ ಎಂದು ಕೈತೊಳೆದುಕೊಂಡರೆ ಇಲಾಖೆ ಏನೂ ಮಾಡಲಾರದು ಎಂಬುದು ಇನ್ನೊಂದು. ಎರಡೂ ತಪ್ಪು. ಹಣ ಯಾರದು, ಎಲ್ಲಿಂದ ಬಂತು ಎಂಬ ಬೇರೆಬೇರೆ ಪ್ರಶ್ನೆಗಳನ್ನು ನಾವು ಕಲಸಿಬಿಡುತ್ತೇವೆ. 1961ರ ಆದಾಯ ತೆರಿಗೆ ಕಾಯ್ದೆಯ 69ಎ ಕಲಂ ಹಾಗೆ ಕಲಸುವುದಿಲ್ಲ: ಮೊದಲು ಆತ ಮಾಲೀಕನೆಂದು ಕಂಡುಬರಬೇಕು, ಆಮೇಲೆ, ಮೂಲದ ಬಗ್ಗೆ ಅವನು ಕೊಟ್ಟ ವಿವರಣೆ ಒಪ್ಪುವಂತಿರದಿದ್ದರೆ ಹಣವನ್ನು ಅವನ ಆದಾಯವೆಂದು ಎಣಿಸಬಹುದು.

ಮೊದಲ ಮೆಟ್ಟಿಲು ಹೆಸರಿಗಷ್ಟೇ ಇರುವಂಥದಲ್ಲ. ಡಾಂಬರು ಸಾಗಿಸುತ್ತಿದ್ದ ಗುತ್ತಿಗೆದಾರನೊಬ್ಬ ಮಾಲನ್ನು ಪೂರ್ತಿ ತಲುಪಿಸಲಿಲ್ಲ ಎಂಬ ಬಿಹಾರದ ಪ್ರಕರಣದಲ್ಲಿ, ಸಾಗಣೆಗೆಂದು ಕೈಗೆ ಬಂದ ಸರಕಿಗೆ ಆತ ಮಾಲೀಕನಾಗಲಾರ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಹಾಗೆಂದು ಬಾಯಿಮಾತಿಗೆ ಬೆಲೆ ಬಂದಂತಾಗಲಿಲ್ಲ. ಮಲಗುವ ಕೋಣೆಯಲ್ಲಿ ವಿದೇಶಿ ಕೈಗಡಿಯಾರಗಳು ಸಿಕ್ಕಿದ್ದ ಪ್ರಕರಣದಲ್ಲಿ ಅದೇ ಕೋರ್ಟ್ 1988ರಲ್ಲಿ, ವಸ್ತು ಯಾರ ವಶದಲ್ಲಿದೆಯೋ ಅದು ತನ್ನದಲ್ಲವೆಂದು ತೋರಿಸುವ ಹೊಣೆ ಅವನದೇ ಎಂದಿತ್ತು. ಕೈಯಲ್ಲಿರುವುದು ಮಾಲೀಕತ್ವಕ್ಕೆ ಸುಳಿವು, ಅಷ್ಟೇ. ಆದರೆ ಸುಳಿವನ್ನು ಅಳಿಸಲು ಸುಳಿವೇ ಬೇಕು.

ಇಲ್ಲದ್ದನ್ನು ಇಲ್ಲವೆಂದು ಸಾಬೀತು ಮಾಡುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕರ್ನಾಟಕ ಹೈಕೋರ್ಟಿನಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಶೋಧದ ವೇಳೆ ಯಾರ ವಶದಲ್ಲಿ ಸಿಕ್ಕಿತೋ ವಸ್ತು ಅವರದೇ ಎಂಬ ಊಹೆ ತೆರಿಗೆ ನಿರ್ಧರಣೆಗೆ ಅನ್ವಯಿಸದು ಎಂದಿತು. ಮರುವರ್ಷವೇ ಸಂಸತ್ತು 292ಸಿ ಕಲಂ ಸೇರಿಸಿ, ಅದನ್ನು 1975ರಿಂದಲೇ ಜಾರಿಗೊಳಿಸಿ, ಆ ಬಾಗಿಲು ಮುಚ್ಚಿತು. (ಸೋತ ಆಟದ ನಿಯಮವನ್ನೇ ಬದಲಿಸುವ ಚಾಳಿ ಸರ್ಕಾರಕ್ಕೆ ಹಳೆಯದು.) ಆದರೂ ಕಲಂ ಹೇಳುವುದು ‘ಊಹಿಸಬಹುದು’ ಎಂದೇ. ಪಂಚನಾಮೆಯಲ್ಲಿ 500ರ ನೋಟು ಇಷ್ಟು, 100ರದ್ದು ಇಷ್ಟು ಎಂದು ಬರೆದು ಸೀಲು ಹಾಕಿದ ಹಾಳೆಯ ಎದುರು, ಬ್ಯಾಂಕಿನಿಂದ ತೆಗೆದ ದಿನದ ಪಾಸ್‌ಬುಕ್ ನಮೂದೋ ಕ್ರಯಪತ್ರವೋ ನಿಲ್ಲಬಲ್ಲದು. ‘ಯಾರೋ ಇಟ್ಟು ಹೋದರು’ ಎಂಬ ಮಾತು ನಿಲ್ಲದು.

ಹಣ ಇಬ್ಬರಲ್ಲಿ ಯಾರದೆಂಬ ಅನುಮಾನವಿದ್ದರೆ? ಇಲಾಖೆ ಒಬ್ಬನ ಮೇಲೆ ನೇರವಾಗಿ, ಇನ್ನೊಬ್ಬನ ಮೇಲೆ ಮುನ್ನೆಚ್ಚರಿಕೆಗೆ ‘ಪ್ರೊಟೆಕ್ಟಿವ್’ ಅಸೆಸ್‌ಮೆಂಟ್ ಮಾಡಿಡುತ್ತದೆ. ವಸೂಲಿ ಇಬ್ಬರಿಂದಲೂ ಆಗುವಂತಿಲ್ಲ. ಇಂಥ ಆದಾಯದ ಮೇಲಿನ ತೆರಿಗೆ ದರವೇನೂ ಹಗುರವಲ್ಲ: 2016ರ ನೋಟು ರದ್ದತಿಯ ಬೆನ್ನಲ್ಲೇ ಅದು ಶೇ. 60ಕ್ಕೆ ಏರಿ, ಸರ್ಚಾರ್ಜ್, ಸೆಸ್ ಸೇರಿ ಶೇ. 77.25 ಮುಟ್ಟಿತು. ಹಾಗಿದ್ದರೂ ಜಪ್ತಿಯಾದ ಹಣ ಅಷ್ಟೂ ಸರ್ಕಾರದ ಪಾಲು ಎಂಬುದು ತಪ್ಪು. ಅದು ದಂಡವಲ್ಲ, ಬಾಕಿಗೆ ಆಧಾರ. 132ಬಿ ಕಲಂ ಪ್ರಕಾರ ತೆರಿಗೆ ಬಾಕಿ ಮುರಿದುಕೊಂಡ ಮೇಲೆ ಉಳಿದದ್ದನ್ನು, ಯಾರ ವಶದಿಂದ ತೆಗೆದರೋ ಅವರಿಗೇ ಹಿಂತಿರುಗಿಸಬೇಕು.