ಹೊಸೂರಿನಿಂದ ನಡೆದು ಬಂದ ಎಚ್ಚೆನ್ ಮೇಷ್ಟ್ರು

ಜಯನಗರ ನಾಲ್ಕನೇ ಬ್ಲಾಕಿನಿಂದ ಬನಶಂಕರಿವರೆಗೆ ಸುಮ್ಮನೆ ಒಂದು ಸುತ್ತು ಹಾಕಿದರೂ ಕಣ್ಣಿಗೆ ರಾಚುವುದು ಕೋಚಿಂಗ್ ಬೋರ್ಡುಗಳು. ನೀಟ್, ಜೆಇಇ, ಸಿಇಟಿ. ಕೆಳಗೆ ರ‍್ಯಾಂಕ್ ಬಂದವರ ಫೋಟೊಗಳ ಸಾಲು. ಸಂಜೆ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವ ಅಪ್ಪ ಅಮ್ಮಂದಿರಿಗೆ ಓದು ಎಂದರೆ ಸೀಟು, ಸೀಟು ಎಂದರೆ ಕೆಲಸ. ಹಾಗೆ ಯೋಚಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಇದೇ ಸೀಮೆಯಲ್ಲಿ ಓದಿನ ಲೆಕ್ಕವನ್ನು ಬೇರೆ ರೀತಿ ಹಾಕಿದ ಮೇಷ್ಟ್ರೊಬ್ಬರಿದ್ದರು.

ಎಚ್ಚೆನ್ ಎಂದೇ ಎಲ್ಲರೂ ಕರೆಯುತ್ತಿದ್ದ ಎಚ್. ನರಸಿಂಹಯ್ಯ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಹೊರಟಾಗ ಕೈಯಲ್ಲಿ ಪ್ರಯಾಣಕ್ಕೆ ಕಾಸಿರಲಿಲ್ಲ. ಹುಡುಗ ಎರಡು ದಿನ ನಡೆದೇ ಬೆಂಗಳೂರು ತಲುಪಿದ. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಶುರುವಾಗಿದ್ದ ಶಾಲೆ ಅದು.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ನಡುವೆ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕ ಹುದ್ದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್.ಡಿ. ಪಡೆದು ಬಂದ ಮೇಲೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬದಲಾಗಲಿಲ್ಲ. ಮದುವೆಯಾಗದ ಅವರಿಗೆ ಕಾಲೇಜು ಹಾಸ್ಟೆಲಿನ ಒಂದು ಕೋಣೆಯೇ ದಶಕಗಳ ಕಾಲ ಮನೆ.

ಇಷ್ಟೇ ಆಗಿದ್ದರೆ ಬಡ ಹುಡುಗ ದೊಡ್ಡವನಾದ ಇನ್ನೊಂದು ಕಥೆ ಎನ್ನಬಹುದಿತ್ತು. ಎಚ್ಚೆನ್ ಬೇರೆಯಾಗುವುದು ಮುಂದಿನದರಲ್ಲಿ. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದು ಎಂದು ಹೇಳಿ ಸುಮ್ಮನಾಗದೆ, ಪ್ರಶ್ನೆ ಕೇಳಲು ಜನರಿಗೆ ಒಂದು ಜಾಗ ಮಾಡಿಕೊಟ್ಟರು. 1962ರಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂ ವಾರ ವಾರವೂ ವಿಜ್ಞಾನಿಗಳನ್ನು ಸಾಮಾನ್ಯರ ಎದುರು ನಿಲ್ಲಿಸಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಪವಾಡಗಳಿಗೆ ಹೆಸರಾಗಿದ್ದ ಸತ್ಯ ಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪುವಂತೆ ಕೇಳಿ ಬರೆದ ಪತ್ರಗಳು ದೇಶದಾದ್ಯಂತ ಗದ್ದಲ ಎಬ್ಬಿಸಿದವು. ಪವಾಡ ಪರೀಕ್ಷೆಯ ಮಾತೆತ್ತಲು ಇಂದಿನ ಎಷ್ಟು ಕುಲಪತಿಗಳಿಗೆ ಎದೆಗಾರಿಕೆ ಇದೆಯೋ!

ಅವರ ಇನ್ನೊಂದು ಕೆಲಸ ಅಷ್ಟು ಸದ್ದು ಮಾಡಲಿಲ್ಲ. ನ್ಯಾಷನಲ್ ಸಂಸ್ಥೆ ಜಯನಗರದಲ್ಲಿ ಕಾಲೇಜು ತೆರೆಯಿತು, ಸರಿ. ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಗೂ ಹೋಯಿತು. ತಾವು ನಡೆದು ಬಂದಷ್ಟು ದೂರ ಇನ್ನೊಂದು ಮಗು ನಡೆಯದಿರಲಿ ಎಂದಂತೆ, ಎಚ್ಚೆನ್ ಕಾಲೇಜನ್ನೇ ಆ ಮಕ್ಕಳ ಹತ್ತಿರಕ್ಕೆ ಒಯ್ದರು.

ಈಗ ದೂರ ಮೈಲಿಯದ್ದಲ್ಲ, ಶುಲ್ಕದ್ದು. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತ್ತು. 2019ರಿಂದ ಕರ್ನಾಟಕದಲ್ಲಿ, ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ ನಿಯಮ ಬದಲಾಯಿತು. ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಅದು ನ್ಯಾಯವೇ. ಚೆನ್ನಾಗಿಲ್ಲದಿದ್ದರೆ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ತಾಯಿಯ ಮಗುವಿಗೆ ಎರಡೂ ಬಾಗಿಲು ಮುಚ್ಚಿದ ಹಾಗೆ.

ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗು ಯಾವ ಶಾಲೆಗೆ ಹೋಗುತ್ತಿದೆ, ಒಮ್ಮೆ ಕೇಳಿ ನೋಡಿ. ಹತ್ತಿರದ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆ ಯಾವಾಗ ಎಂದೂ ವಿಚಾರಿಸಿ.