ರೆಕ್ಕೆ ತಟ್ಟಿ ಆಲಿಸುವವರು

ಅಜ್ಜರೊಬ್ಬರು ನಾಣ್ಯವೊಂದರ ಅಂಚಿನಿಂದ ರೆಕ್ಕೆಯನ್ನು ತಟ್ಟುತ್ತಾ ಸಾಗುತ್ತಿದ್ದರು. ಟಕ್, ಟಕ್, ಟಕ್. ಎರಡು ಬೆರಳಿನ ಅಂತರಕ್ಕೊಂದು ಪೆಟ್ಟು. ಒಂದೆಡೆ ಸದ್ದು ಮಂಕಾಯಿತು: ದಬ್. ಅವರು ಹಿಂದಕ್ಕೆ ಬಂದು ಇನ್ನೊಮ್ಮೆ ತಟ್ಟಿದರು, ಪ್ಲೈವುಡ್ಡಿಗೆ ಕಿವಿ ಹಚ್ಚಿದರು, ಪೆನ್ಸಿಲ್ ತೆಗೆದು ಅಲ್ಲೊಂದು ಸುತ್ತು ಹಾಕಿದರು. ಹಲಸಿನಕಾಯಿ ತಟ್ಟಿ ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಿದ್ದ ನಮ್ಮೂರ ಹಿರಿಯರು ನೆನಪಾದರು. ಇಲ್ಲಿ ಸದ್ದು ಹೇಳುವುದು, ಒಳಗೆ ಅಂಟು ಬಿಟ್ಟಿದೆಯೇ ಎಂಬುದನ್ನು.

ಇದು ಜರ್ಮನಿಯ ರೋನ್ ಬೆಟ್ಟಸಾಲಿನ ಬುಡದ ಒಂದು ಪುಟ್ಟ ಗ್ಲೈಡರ್ ಕ್ಲಬ್ಬಿನ ಶೆಡ್. ಎಂಜಿನ್ ಇಲ್ಲದೆ, ಮೇಲೇರುವ ಗಾಳಿಯನ್ನೇ ನಂಬಿ ತೇಲುವ ವಿಮಾನಗಳಿವು. ಬೇಸಿಗೆಯಲ್ಲಿ ಹಾರಾಟ, ಚಳಿಗಾಲದಲ್ಲಿ ದುರಸ್ತಿ. ಹಾರುವವರೇ ಶನಿವಾರ ಬಂದು ಉಪ್ಪುಕಾಗದ ಹಿಡಿಯುತ್ತಾರೆ. ಸಂಬಳವಿಲ್ಲ. ವರ್ಷಕ್ಕೆ ಇಷ್ಟು ಗಂಟೆ ದುಡಿಯಬೇಕೆಂಬ ನಿಯಮ ಇಲ್ಲಿನ ಅನೇಕ ಕ್ಲಬ್ಬುಗಳಲ್ಲಿದೆ.

ಇತಿಹಾಸವನ್ನು ಅಜ್ಜ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಿದರು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ ವಿಮಾನ ಕಟ್ಟಲು ನಿರ್ಬಂಧ ಬಿತ್ತು. ಆಗ ಆಸ್ಕರ್ ಉರ್ಸಿನಸ್ ಎಂಬ ಪತ್ರಿಕಾ ಸಂಪಾದಕರು ಹಾರುವ ಹುಚ್ಚಿನ ಹುಡುಗರನ್ನೆಲ್ಲ ಕರೆದು, 950 ಮೀಟರ್ ಎತ್ತರದ ವಾಸರ್‌ಕುಪ್ಪೆ ಬೆಟ್ಟದ ಮೇಲೆ 1920ರಲ್ಲಿ ಸ್ಪರ್ಧೆ ಏರ್ಪಡಿಸಿದರು. ಬೆಟ್ಟದ ಕೆಳಗಿನ ಪೊಪ್ಪೆನ್‌ಹೌಸೆನ್‌ನಲ್ಲಿ 1927ರಲ್ಲಿ ಅಲೆಕ್ಸಾಂಡರ್ ಶ್ಲೈಷರ್ ಗ್ಲೈಡರ್ ಕಾರ್ಖಾನೆ ತೆರೆದರು. ನಾನು ಬೆಂಗಳೂರಿನವನೆಂದು ತಿಳಿದಾಗ ಅವರು ನಕ್ಕರು. ಅಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ 1941ರಲ್ಲಿ ವಿ. ಎಂ. ಘಾಟಗೆ ರೂಪಿಸಿದ ಜಿ-1 ಕೂಡ ಗ್ಲೈಡರೇ ಎಂದಾಗ ನಗು ನಿಲ್ಲಿಸಿ ಕೈ ಕುಲುಕಿದರು.

ಮೇಜಿನ ಮೇಲಿದ್ದುದು ಕೆ-8 ಗ್ಲೈಡರಿನ ರೆಕ್ಕೆ. ರುಡಾಲ್ಫ್ ಕೈಸರ್ ವಿನ್ಯಾಸ, ಮೊದಲ ಹಾರಾಟ 1957. ಒಬ್ಬರೇ ಕೂರುವ, ರೆಕ್ಕೆಯ ತುದಿಯಿಂದ ತುದಿಗೆ 15 ಮೀಟರ್ ಇರುವ ವಿಮಾನ. ಒಡಲು ಉಕ್ಕಿನ ಕೊಳವೆಗಳದ್ದು, ರೆಕ್ಕೆ ಮರದ್ದು, ಮೇಲೆ ಬಟ್ಟೆ. ಬಟ್ಟೆ ಕಳಚಿದಾಗ ರೆಕ್ಕೆ ಮೀನಿನ ಮುಳ್ಳಿನಂತೆ ಕಾಣುತ್ತದೆ.

ಪೆನ್ಸಿಲ್ ಸುತ್ತು ಬಿದ್ದಲ್ಲಿ ಪ್ಲೈವುಡ್ಡನ್ನು ಕತ್ತರಿಸಿ ತೇಪೆ ಹಾಕಬೇಕು. ತೇಪೆಯ ಅಂಚಾಗಲಿ, ಕತ್ತರಿಸಿದ ಜಾಗದ ಅಂಚಾಗಲಿ ನೆಟ್ಟಗಿರುವಂತಿಲ್ಲ. ಒಂದು ಮಿಲಿಮೀಟರ್ ದಪ್ಪದ ಹಲಗೆಯಾದರೆ 12 ಮಿಲಿಮೀಟರ್ ಉದ್ದಕ್ಕೂ ಓರೆಯಾಗಿ ಹೆರೆಯಬೇಕು. ಹಾಗೆ ಹೆರೆದ ಎರಡು ಓರೆಗಳು ಒಂದರ ಮೇಲೊಂದು ಕೂತಾಗ ಮಾತ್ರ ಅಂಟು ಬಲವಾಗಿ ಹಿಡಿಯುತ್ತದೆ. ಅಂಗೈಯಗಲದ ತೇಪೆಯೊಂದಕ್ಕೆ ಅರ್ಧ ದಿನ ಹಿಡಿಯಿತು. ಆಮೇಲೆ ಬಟ್ಟೆ. ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಶಾಖ ಅಳೆದು ಇಸ್ತ್ರಿಪೆಟ್ಟಿಗೆ ಆಡಿಸಿದರೆ ಸುಕ್ಕೆಲ್ಲ ಮಾಯವಾಗಿ ತಮಟೆಯಂತೆ ಬಿಗಿಯುತ್ತದೆ. ಬಣ್ಣದಲ್ಲೂ ಧಾರಾಳತನ ಸಲ್ಲದು. ಚುಕ್ಕಾಣಿಗೆ ಬಣ್ಣ ಹೆಚ್ಚಾಗಿ ತೂಕ ಏರಿದರೆ ವೇಗದಲ್ಲಿ ಅದು ಪಟಪಟನೆ ಅದುರಿ ಮುರಿಯಬಹುದು. ಹಾಗಾಗಿ ಕೊನೆಗೆ ತಕ್ಕಡಿ, ನಂತರ ಪರೀಕ್ಷಕರ ಸಹಿ.

ಈಗಿನ ಗ್ಲೈಡರುಗಳು ಫೈಬರ್‌ಗ್ಲಾಸಿನವು. ಅವುಗಳ ಬಿಳಿ ಮೇಲ್ಪದರವೂ ಬಿಸಿಲು, ಚಳಿಗೆ ಬಿರುಕು ಬಿಡುತ್ತದೆ. ಅದನ್ನು ಉಜ್ಜಿ ತೆಗೆದು, ಹೊಸದಾಗಿ ಸಿಂಪಡಿಸಿ, ಮತ್ತೆ ನೀರು ಹಾಕಿ ಉಜ್ಜುವುದು ನೂರಾರು ಗಂಟೆಗಳ ಕೆಲಸ. ಆದರೂ ಮರ ಬಲ್ಲವರ ಕೊರತೆಯೇ ಈ ಕ್ಲಬ್ಬಿನ ದೊಡ್ಡ ಚಿಂತೆ. ಹೊಸಬರಿಗೆ ಹಾರುವ ಆಸೆಯಿದೆ, ಚಳಿಯಲ್ಲಿ ನಿಂತು ಹೆರೆಯುವ ಪುರುಸೊತ್ತಿಲ್ಲ. ಹೀಗೇ ಆದರೆ ಕೆ-8 ಮ್ಯೂಸಿಯಮ್ಮಿನ ಚಾವಣಿಗೆ ನೇತುಬೀಳುತ್ತದೆ. ಹಾರಲೆಂದೇ ಕಟ್ಟಿದ ವಸ್ತುವಿಗೆ ಅದಕ್ಕಿಂತ ದೊಡ್ಡ ನೋವಿಲ್ಲ.

ಸಂಜೆ ಹದಿನಾರರ ಹುಡುಗಿಯೊಬ್ಬಳು ಬಂದಳು. ಅಜ್ಜ ನಾಣ್ಯವನ್ನು ಅವಳ ಕೈಗಿತ್ತರು. ಬೆಳಿಗ್ಗೆ ಅವರೇ ತಟ್ಟಿ ಮುಗಿಸಿದ್ದ ರೆಕ್ಕೆಯನ್ನು ಅವಳು ಮತ್ತೆ ಮೊದಲಿನಿಂದ ತಟ್ಟತೊಡಗಿದಳು. ಯಾಕೆ ಎಂದು ಕೇಳಿದೆ.

"ಸಣ್ಣ ಸದ್ದು ನನಗೀಗ ಪೂರ್ತಿ ಕೇಳಿಸುವುದಿಲ್ಲ," ಎಂದರು.

ರೆಕ್ಕೆಯ ತುದಿಯ ಹತ್ತಿರ ಅವಳು ನಿಂತಳು. ಪೆನ್ಸಿಲ್ ಕೇಳಿ ಸುತ್ತು ಹಾಕಿದಳು. ಬೆಳಿಗ್ಗೆ ಅಲ್ಲಿ ಗುರುತಿರಲಿಲ್ಲ. ಅಜ್ಜ ಆ ಜಾಗಕ್ಕೆ ಕಿವಿ ಹಚ್ಚಿ, ಅವಳಿಂದ ಮತ್ತೆ ಮತ್ತೆ ತಟ್ಟಿಸಿ, ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು.