ಪರೀಕ್ಷೆ ಹುಡುಗಿಯ ರಕ್ತಕ್ಕೆ ಮಾತ್ರವೇ?

ಹೆಣ್ಣು ನೋಡುವ ಶಾಸ್ತ್ರ ನಡೆದಿದೆ ಅಂದುಕೊಳ್ಳಿ. ಸೇಡಂನಲ್ಲೋ ಚಿತ್ತಾಪುರದಲ್ಲೋ ನಿಮ್ಮ ಮನೆ. ಉಪ್ಪಿಟ್ಟು, ಚಹಾ ಆಯ್ತು. ಗಂಡಸರು ಹೊರಗೆ ತೊಗರಿ ರೇಟಿನ ಮಾತಿಗಿಳಿದಿದ್ದಾರೆ. ಹುಡುಗನ ಚಿಕ್ಕಮ್ಮ ಮೆಲ್ಲಗೆ ಅಡುಗೆಮನೆಗೆ ಬಂದು, 'ನಿಮ್ಮ ಮನೆತನದಾಗ ಯಾರಿಗರ ತೊನ್ನು, ಫಿಟ್ಸು, ಅಂಥಾದ್ದೇನರ ಅದ ಏನ್ರೀ?' ಅಂತ ಕೇಳುತ್ತಾರೆ. 'ಛೇ, ಎಲ್ಲಿದ್ರೀ!' ಅನ್ನುತ್ತೀರಿ ನೀವು. ಆದರೆ ಎದೆ ಢವಢವ. ಮಗಳ ದೊಡ್ಡಪ್ಪನ ಕೈ ಮೇಲೆ ಬಿಳಿ ಕಲೆ ಇದೆಯಲ್ಲ! ಅದಕ್ಕೇ ಅವರನ್ನು ಬೆಳಿಗ್ಗೆಯೇ ಏನೋ ಕೆಲಸ ಹೇಳಿ ಶಹಾಬಾದಿಗೆ ಸಾಗಹಾಕಿದ್ದೀರಿ.

ತೊನ್ನು ಅಂಟುರೋಗ ಅಲ್ಲ. ತೊನ್ನು ಇದ್ದವರ ಮಕ್ಕಳಲ್ಲೂ ಬಹುಪಾಲು ಜನರಿಗೆ ಅದು ಬರೋದಿಲ್ಲ. ಆದರೂ ಒಂದು ಕಲೆಯಿಂದ ಎಷ್ಟು ಸಂಬಂಧಗಳು ಮುರಿದಿವೆ ಅನ್ನೋದು ನಿಮಗೇ ಗೊತ್ತು.

'ಗಟಾಕಾ' ಅನ್ನೋ ಇಂಗ್ಲಿಷ್ ಸಿನಿಮಾ ನೋಡುವಾಗ ನನಗೆ ಈ ಅಡುಗೆಮನೆಯೇ ಕಣ್ಣ ಮುಂದೆ ಬಂತು. 1997ರಲ್ಲಿ ಆಂಡ್ರೂ ನಿಕೋಲ್ ನಿರ್ದೇಶಿಸಿದ ಚಿತ್ರ. ಕಥೆ ನಡೆಯೋದು ಮುಂದಿನ ಕಾಲದಲ್ಲಿ. ಮಗು ಹುಟ್ಟಿದ ಕೆಲವೇ ಕ್ಷಣಕ್ಕೆ ಕಾಲಿನಿಂದ ಒಂದು ಹನಿ ರಕ್ತ ತೆಗೆದು ಭವಿಷ್ಯ ಓದಿಬಿಡುತ್ತಾರೆ. ನಾಯಕ ವಿನ್ಸೆಂಟ್‌ಗೆ ಹೃದಯದ ಕಾಯಿಲೆ ಬರುವ ಸಂಭವ ಶೇ 99, ಆಯಸ್ಸು 30.2 ವರ್ಷ. ಮುಗೀತು! ಬಿದ್ದು ಗಾಯವಾದರೆ ವಿಮೆ ಸಿಗೋದಿಲ್ಲ ಅಂತ ಶಿಶುವಿಹಾರದವರು ಗೇಟು ಹಾಕುತ್ತಾರೆ. ದೊಡ್ಡವನಾದ ಮೇಲೆ ಕಸ ಗುಡಿಸುವ ಕೆಲಸವೇ ಗತಿ. ಬಾಹ್ಯಾಕಾಶಕ್ಕೆ ಹಾರಬೇಕು ಅನ್ನೋ ಆಸೆಗೆ ಆತ ಇನ್ನೊಬ್ಬನ ರಕ್ತ, ಮೂತ್ರ ಕದ್ದುಮುಚ್ಚಿ ತೋರಿಸುತ್ತಾ ಬದುಕಬೇಕಾಗುತ್ತದೆ. ಇದರಲ್ಲೊಂದು ದೃಶ್ಯವಿದೆ. ಹುಡುಗಿಯೊಬ್ಬಳು ತನ್ನ ಗೆಳೆಯನ ಗುಣಾವಗುಣ ತಿಳಿಯಲು ಕೌಂಟರಿಗೆ ಬಂದು ಪರೀಕ್ಷೆ ಮಾಡಿಸುತ್ತಾಳೆ, ನಾವು ಜಾತಕ ಹಿಡಿದು ಹೋಗ್ತೀವಲ್ಲ, ಥೇಟ್ ಹಾಗೇ.

'ಅದೆಲ್ಲ ಸಿನಿಮಾ, ನಮಗ್ಯಾಕೆ?' ಅಂತೀರಾ? ವಾಡಿಯಲ್ಲಿರುವ ನನ್ನ ಪರಿಚಯದ ತಾಯಿಯೊಬ್ಬರ ಕಥೆ ಕೇಳಿ. ಮಗಳ ನಿಶ್ಚಿತಾರ್ಥಕ್ಕೆ ವಾರವಿತ್ತು. ಹುಡುಗನ ಕಡೆಯವರು ಓದಿದವರು, ಥಲಸ್ಸೀಮಿಯಾ ಪರೀಕ್ಷೆ ಮಾಡಿಸಿ ಅಂದರು. ಒಳ್ಳೆಯದೇ ಅಲ್ವಾ? ಮಾಡಿಸಿದರು. ರಿಪೋರ್ಟಿನಲ್ಲಿ 'ಮೈನರ್' ಅಂತ ಬಂತು. ಸಂಬಂಧ ಮುರೀತು. ವಾರದೊಳಗೆ ಚಿಂಚೋಳಿಯ ಬೀಗರ ತನಕ ಸುದ್ದಿ, 'ಆ ಹುಡುಗಿಗೆ ರಕ್ತದ ಕಾಯಿಲೆ'. ಹುಡುಗನ ರಕ್ತ ಪರೀಕ್ಷೆ ಮಾಡಿಸಿದ್ರಾ ಅಂತ ಕೇಳಿದೆ. ಆ ತಾಯಿ ನನ್ನ ಮುಖವನ್ನೇ ನೋಡಿದರು. ಆ ಪ್ರಶ್ನೆ ಯಾರ ತಲೆಗೂ ಹೊಳೆದಿರಲಿಲ್ಲ.

ಈಗ ಸ್ವಲ್ಪ ಗಮನವಿಟ್ಟು ಓದಿ. ಮೈನರ್ ಅಂದರೆ ಕಾಯಿಲೆ ಅಲ್ಲ, ಆಕೆ ಬರೀ ವಾಹಕಿ. ನಮ್ಮ ಪ್ರತಿಯೊಂದು ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಜೋಡಿ ವಂಶವಾಹಿ ಬರುತ್ತದೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಹಿಮೋಗ್ಲೋಬಿನ್ ತುಸು ಕಡಿಮೆ ಇರಬಹುದು, ಅಷ್ಟೇ. ಆಕೆ ಓದಬಹುದು, ದುಡಿಯಬಹುದು, ಹೆರಬಹುದು. ಗಂಡನೂ ವಾಹಕನಾಗಿದ್ದರೆ ಮಾತ್ರ ತೊಂದರೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಾ ಇರಬೇಕು. ಆ ಕಷ್ಟ ಸಣ್ಣದಲ್ಲ. ಹಾಗಾಗಿ ಪರೀಕ್ಷೆಯೇ ಬೇಡ ಅಂತ ನಾನು ಹೇಳೋದಿಲ್ಲ. ಒಬ್ಬಳದ್ದೇ ರಿಪೋರ್ಟು ನೋಡಿ ತೀರ್ಪು ಕೊಟ್ಟರಲ್ಲ, ನನ್ನ ತಕರಾರು ಅದಕ್ಕೆ.

ಹೊರಗಿನ ಹುಡುಗಿಯ ರಕ್ತಕ್ಕೆ ಇಷ್ಟು ಹೆದರುವ ನಾವು ಮನೆಯೊಳಗೆ ಎಷ್ಟು ಧೈರ್ಯವಂತರು ನೋಡಿ! 'ಸೋದರಮಾವನ ಮಗ ಇದ್ದಾನಲ್ಲ, ನೋಡಿದ ಹುಡುಗ' ಅಂತ ಕಣ್ಣುಮುಚ್ಚಿ ಕೊಟ್ಟುಬಿಡ್ತೀವಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 27 ಜನರದ್ದು ರಕ್ತಸಂಬಂಧದ ಮದುವೆ. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಲ್ಲಿ ಎಂಟನೇ ಒಂದು ಪಾಲು ವಂಶವಾಹಿ ಒಂದೇ ಆಗಿರುತ್ತದೆ. ಮಾವ-ಸೊಸೆಯಾದರೆ ನಾಲ್ಕನೇ ಒಂದು ಪಾಲು. ಕೆಟ್ಟ ಪ್ರತಿಯೂ ಇಬ್ಬರಲ್ಲಿ ಒಂದೇ ಇರುವ ಸಂಭವ ಹೆಚ್ಚು. ಅಲ್ಲಿ ಮಾತ್ರ ಯಾರೂ ರಿಪೋರ್ಟು ಕೇಳೋದಿಲ್ಲ.

ಊರಿಗೇ ಕಳಂಕ ಅಂಟುವುದೂ ಉಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರಿಗೆ ಸೊಂಟ, ಮೊಣಕಾಲಿನ ನೋವು ಶುರುವಾಗಿ ನಡೆಯಲಾಗದಂತಾಯಿತು. ಕೆಲವರು ಕುಳ್ಳಾಗಿಯೇ ಉಳಿದರು. ಮೊದಲು ಗದ್ದೆಯ ಏಡಿ, ಔಷಧಿ ಅಂತ ಅನುಮಾನ ಪಟ್ಟರು. ಆಮೇಲೆ ಅದು ವಂಶವಾಹಿಯ ಕಾಯಿಲೆ ಅಂತ ತಿಳಿಯಿತು. ಬಡ ಕೂಲಿಕಾರರ ಮನೆಗಳು ಅವು. ಕಾಯಿಲೆಗೆ ಊರಿನದ್ದೇ ಹೆಸರು ಬಿತ್ತು, ಹಂದಿಗೋಡು ಕಾಯಿಲೆ. ಆ ಊರಿನ ಹೆಣ್ಣುಮಗಳ ಸಂಬಂಧ ಬಂತು ಅಂದರೆ ನಮ್ಮ ಅಡುಗೆಮನೆಯಲ್ಲಿ ಏನು ಮಾತಾಡ್ತೀವಿ, ಹೇಳಿ?

ನಾವೇ ಮೊದಲಿಗರೂ ಅಲ್ಲ ಬಿಡಿ. ಗ್ರೀಸ್ ದೇಶದಲ್ಲಿ ಆರ್ಕೊಮೆನೋಸ್ ಅಂತ ಒಂದು ಊರು. ಅಲ್ಲೂ ಹಿರಿಯರು ನೋಡಿ ಮಾಡುವ ಮದುವೆಗಳು. 1970ರ ದಶಕದಲ್ಲಿ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯ ವಾಹಕರು ಯಾರು ಅಂತ ಊರವರ ರಕ್ತ ಪರೀಕ್ಷಿಸಿದರು. ಇಬ್ಬರು ವಾಹಕರು ಮದುವೆಯಾಗದಿರಲಿ ಅನ್ನೋದು ಉದ್ದೇಶ. ಆದದ್ದೇ ಬೇರೆ. ವಾಹಕರ ಮನೆಗೆ ಸಂಬಂಧಗಳೇ ಬರದಂತಾಗಿ ಅವರು ವಿಷಯ ಮುಚ್ಚಿಡಲು ಶುರುಮಾಡಿದರು. ಪಕ್ಕದ ಸೈಪ್ರಸ್‌ನಲ್ಲಿ ಥಲಸ್ಸೀಮಿಯಾಕ್ಕೆ ಬೇರೆ ದಾರಿ ಹಿಡಿದರು. ಮದುವೆಗೆ ಮುಂಚೆ ಹುಡುಗ, ಹುಡುಗಿ ಇಬ್ಬರಿಗೂ ಪರೀಕ್ಷೆ, ಇಬ್ಬರನ್ನೂ ಕೂರಿಸಿ ತಿಳಿವಳಿಕೆ. ಇಬ್ಬರೂ ವಾಹಕರು ಅಂತ ಗೊತ್ತಾದ ಮೇಲೂ ಹೆಚ್ಚಿನ ಜೋಡಿಗಳು ಮದುವೆಯಾದವು, ಬಸಿರಾದಾಗ ಮಾತ್ರ ಮಗುವಿನ ಪರೀಕ್ಷೆ ಮಾಡಿಸಿಕೊಂಡವು. ಮೇಜರ್ ಇರುವ ಮಕ್ಕಳು ಹುಟ್ಟುವುದು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು.

ಇನ್ನು ವಿಮೆಯ ಮಾತು. ವಂಶವಾಹಿಯ ಕಾಯಿಲೆ ಅಂತ ಹೇಳಿ ಹೃದ್ರೋಗಿಯೊಬ್ಬರ ಕ್ಲೈಮ್ ನಿರಾಕರಿಸಿದ ಪ್ರಕರಣದಲ್ಲಿ, ಅದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿತು. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರವೂ ಆರೋಗ್ಯ ಪಾಲಿಸಿಗಳಲ್ಲಿ ಇಂಥ ಷರತ್ತು ಬೇಡ ಅಂತ ಕಂಪನಿಗಳಿಗೆ ಸೂಚಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ವಂಶವಾಹಿ ನೋಡಿ ಕೆಲಸ, ಆರೋಗ್ಯ ವಿಮೆ ನಿರಾಕರಿಸಬಾರದು ಅಂತ ಅಮೆರಿಕದಲ್ಲಿ 2008ರಲ್ಲೇ ಕಾಯ್ದೆ ಆಗಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಅದಕ್ಕೇ ಪಾಲಿಸಿ ಕಾಗದದ ಸಣ್ಣ ಅಕ್ಷರಗಳನ್ನು ಓದಿಯೇ ಸಹಿ ಹಾಕಿ.

ನಿಮ್ಮ ಮನೆಯಲ್ಲಿ ಮದುವೆಯ ವಯಸ್ಸಿನ ಮಕ್ಕಳಿದ್ದರೆ ಹೀಗೆ ಮಾಡಿ. ಮೊದಲು ಮಾಮೂಲಿ ರಕ್ತ ಪರೀಕ್ಷೆ, ಅಂದರೆ ಸಿಬಿಸಿ. ಜೊತೆಗೆ ಎಚ್‌ಪಿಎಲ್‌ಸಿ ಅನ್ನೋ ಪರೀಕ್ಷೆ ಕೇಳಿ. ನಿಮ್ಮೂರಿನ ಲ್ಯಾಬಿನಲ್ಲಿ ಇಲ್ಲದಿದ್ದರೆ ಸ್ಯಾಂಪಲ್ ಬೇರೆ ಕಡೆ ಕಳಿಸುತ್ತಾರೆ. ಕಬ್ಬಿಣಾಂಶ ಕಡಿಮೆ ಇದ್ದರೆ ಫಲಿತಾಂಶ ದಾರಿ ತಪ್ಪಿಸಬಹುದು, ವೈದ್ಯರಿಗೆ ತೋರಿಸಿಯೇ ತೀರ್ಮಾನಕ್ಕೆ ಬನ್ನಿ. ಜೀವಮಾನಕ್ಕೆ ಒಂದು ಸಲ ಮಾಡಿಸಿದರೆ ಸಾಕು, ರಿಪೋರ್ಟು ಜೋಪಾನವಾಗಿಡಿ. ಅದನ್ನು ದಲ್ಲಾಳಿಗೆ ವಾಟ್ಸ್‌ಆ್ಯಪ್ ಮಾಡಬೇಡಿ. ಮದುವೆಯಾಗುವ ಇಬ್ಬರು, ವೈದ್ಯರು ನೋಡಿದರೆ ಸಾಕು.

ಈಗಾಗಲೇ ಮದುವೆಯಾಗಿ ಇಬ್ಬರೂ ವಾಹಕರು ಅಂತ ತಿಳಿದಿದ್ದರೆ ಗಾಬರಿ ಬೇಡ. ಬಸಿರು ನಿಂತ ತಕ್ಷಣ ವೈದ್ಯರಿಗೆ ಹೇಳಿ. ಮಗುವಿನ ಪರೀಕ್ಷೆಗೆ ಸುಮಾರು 10ರಿಂದ 13ನೇ ವಾರ ಸರಿಯಾದ ಸಮಯ, ಮೂರು ತಿಂಗಳು ತುಂಬಲಿ ಅಂತ ಮುಚ್ಚಿಟ್ಟುಕೊಂಡು ಕೂರಬೇಡಿ. ಕಲಬುರಗಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಇಂಥದ್ದಕ್ಕೆಂದೇ ಆಪ್ತಸಲಹೆ ಸಿಗುತ್ತದೆ.

ಆ ವಾಡಿಯ ತಾಯಿಗೆ ನಾನು ಇನ್ನೊಂದು ಮಾತು ಹೇಳಿದ್ದೆ. ಮುಂದಿನ ಸಲ ಯಾರಾದರೂ ರಕ್ತ ಪರೀಕ್ಷೆ ಕೇಳಿದರೆ, 'ಆಗಲ್ರೀ, ಮೊದಲ ನಿಮ್ಮ ಹುಡುಗನ್ದು ಮಾಡಸ್ರಿ' ಅನ್ನಿ ಅಂತ. ಅವನ ರಿಪೋರ್ಟು ಸರಿಯಿದ್ದರೆ ಮಕ್ಕಳಿಗೆ ಮೇಜರ್ ಬರುವ ಭಯವೇ ಇಲ್ಲ, ನಿಮ್ಮ ಮಗಳದ್ದು ಏನೇ ಇರಲಿ. ಆಕೆ ನಕ್ಕರು. ಹೋದ ತಿಂಗಳು ಹೊಸ ಸಂಬಂಧ ಬಂದಾಗ ಹಾಗೇ ಹೇಳಿದರಂತೆ. ಹುಡುಗನ ಅಮ್ಮನಿಗೆ ಸ್ವಲ್ಪ ಸಿಟ್ಟು ಬಂತಂತೆ. ಹುಡುಗ ಮಾತ್ರ ಮರುದಿನ ತಾನೇ ಲ್ಯಾಬಿಗೆ ಹೋಗಿ ಬಂದ.